ಹುಣ್ಣಿಮೆಯೊಳಗಿನ ಅಮಾವಾಸ್ಯೆ

ಒಂಬತ್ತು ಹೊಡೆದರೂ ಚಂದ್ರನಲ್ಲಿ ಒಂದು ಕಲೆಯೂ ಹೆಚ್ಚಾಗಿರಲಿಲ್ಲ. 2025ರ ಸೆಪ್ಟೆಂಬರ್ 7, ಭಾದ್ರಪದದ ಹುಣ್ಣಿಮೆ, ಪೂರ್ಣ ಚಂದ್ರಗ್ರಹಣದ ರಾತ್ರಿ. ಚಿತ್ರದುರ್ಗ ಸೀಮೆಯ ಈ ಊರಿನ ಹೆಂಚು, ಹುಣಸೆ ಮರ, ನೀರಿನ ಟ್ಯಾಂಕು ಎಲ್ಲದರ ಮೇಲೂ ಬೆಳ್ದಿಂಗಳು ದಂಡಿಯಾಗಿ ಸುರಿದಿತ್ತು. ಲೆಕ್ಕದಂತೆ 8 ಗಂಟೆ 58 ನಿಮಿಷಕ್ಕೇ ಭೂಮಿಯ ಅರೆನೆರಳು ಚಂದ್ರನನ್ನು ಮುಟ್ಟಿಯಾಗಿತ್ತು. ಅರೆನೆರಳನ್ನು ಕಣ್ಣು ಬೇಗ ಹಿಡಿಯುವುದಿಲ್ಲ. ಒಂಬತ್ತೂವರೆಯ ಹೊತ್ತಿಗೆ ಎಡಗಡೆಯ ಕೆಳಗಿನ ಅಂಚು ಹೊಗೆ ಹಿಡಿದ ಹಾಗೆ ಕಂಡಿತು. ಮೋಡವಿರಬಹುದೆಂದು ತಲೆಯೆತ್ತಿ ನೋಡಿದರೆ ಮೋಡ ಪಡುವಣದಲ್ಲೇ ಇತ್ತು.

ಬೀದಿಯಲ್ಲಿ ಓಡಾಟ ನಿಂತಿತ್ತು. ಮಧ್ಯಾಹ್ನವೇ ವೇಧೆ, ಅಂದರೆ ಗ್ರಹಣಕ್ಕೆ ಮೊದಲು ಊಟ ಬಿಡುವ ಹೊತ್ತು, ಹಿಡಿದದ್ದರಿಂದ ಆಚಾರ ಬಿಡದವರು ಅದಕ್ಕೂ ಮೊದಲೇ ಉಂಡು ಪಾತ್ರೆ ತೊಳೆದಿಟ್ಟಿದ್ದರು. ಉಪ್ಪಿನಕಾಯಿ ಜಾಡಿ, ಹಾಲಿನ ಪಾತ್ರೆ, ನೀರಿನ ಬಿಂದಿಗೆಗಳ ಮೇಲೆ ದರ್ಭೆ. ಗುಡಿಯ ಬಾಗಿಲು ಹಾಕಿತ್ತು. ಪಕ್ಕದ ಮನೆಯ ಪಡಸಾಲೆಯಲ್ಲಿ ಹಿತ್ತಾಳೆ ಹರಿವಾಣಕ್ಕೆ ನೀರು ಹಾಕಿ, ನಡುವೆ ಒನಕೆಯನ್ನು ನೆಟ್ಟಗೆ ನಿಲ್ಲಿಸಿದ್ದರು. ಗ್ರಹಣ ಬಿಡುವ ತನಕ ಅದು ಬೀಳುವುದಿಲ್ಲ ಎಂಬ ನಂಬಿಕೆ. ಬುಡ ಸಮವಾಗಿದ್ದರೆ ಒನಕೆ ಯಾವ ದಿನವೂ ನಿಂತೀತು. ಆದರೆ ಗಡಿಯಾರವಿಲ್ಲದ ಕಾಲದಲ್ಲಿ ಒಂದು ಮನೆಯವರೆಲ್ಲ ಕಣ್ಣಿಟ್ಟು ಕಾಯಲು ಅದೊಂದು ಗುರುತಾಗಿತ್ತು. ಕಾಯುವ ಆ ಶ್ರದ್ಧೆ ನನಗೆ ಇಷ್ಟ.

9 ಗಂಟೆ 57 ನಿಮಿಷಕ್ಕೆ ಸ್ಪರ್ಶ. ಪಂಚಾಂಗ ಬರೆದ ನಿಮಿಷಕ್ಕೆ ಸರಿಯಾಗಿ ಎಡಗಡೆಯ ಕೆಳ ಅಂಚಿನಲ್ಲಿ ಕಪ್ಪು ಕಾಣಿಸಿಕೊಂಡಿತು.

"ಹಿಡೀತೇನಪ್ಪಾ?" ಪಕ್ಕದ ಮನೆಯ ಅಜ್ಜಿ ಕಿಟಕಿಯೊಳಗಿಂದಲೇ ಕೇಳಿದರು.

"ಹಿಡೀತು ಅಜ್ಜಿ. ಬಂದು ನೋಡಿ, ಕಣ್ಣಿಗೇನೂ ಆಗಲ್ಲ. ಸೂರ್ಯನ ಗ್ರಹಣಕ್ಕೆ ಮಾತ್ರ ಆ ಭಯ."

ಅವರು ಬರಲಿಲ್ಲ. ಮೊಮ್ಮಗ ಮಾತ್ರ ಮೆಟ್ಟಿಲು ಹತ್ತಿ ತಾರಸಿಗೆ ಬಂದು ನನ್ನ ಕ್ಯಾಮೆರಾದ ಟ್ರೈಪಾಡಿನ ಪಕ್ಕ ನಿಂತ.

ನೆರಳಿನ ಅಂಚು ಬಾಗಿದ್ದನ್ನು ನೋಡಬೇಕು. ಚಂದ್ರನ ಅಂಚಿಗಿಂತ ದೊಡ್ಡ ಬಾಗು ಅದು. ಚಂದ್ರನಿರುವ ದೂರದಲ್ಲಿ ನಮ್ಮ ನೆರಳಿನ ಅಗಲ ಚಂದ್ರನ ಅಗಲದ ಎರಡೂವರೆ ಪಟ್ಟಿಗೂ ಹೆಚ್ಚು. ಯಾವ ಗ್ರಹಣದಲ್ಲಿ ನೋಡಿದರೂ ಈ ಅಂಚು ಬಾಗಿಯೇ ಇರುತ್ತದೆ, ಆದ್ದರಿಂದ ಭೂಮಿ ಗುಂಡಗಿದೆ ಎಂದು ಅರಿಸ್ಟಾಟಲ್ ವಾದಿಸಿದ್ದ. ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳೇ ಎಂದು ಆರ್ಯಭಟ 499ರ ತನ್ನ ಗ್ರಂಥದಲ್ಲಿ ಹೇಳಿದ. ನಾವು ನಿಂತ ನೆಲದ ದುಂಡನ್ನು ನಾವೇ ಕಣ್ಣಾರೆ ಕಾಣಲು ಊರಿನ ತಾರಸಿಯಲ್ಲಿ ಇದಕ್ಕಿಂತ ಸುಲಭದ ದಾರಿಯಿಲ್ಲ. ಹುಡುಗನಿಗೆ ಇದನ್ನು ಹೇಳಿದೆ. ಅವನು ಕಾಲಕೆಳಗೊಮ್ಮೆ ನೋಡಿ ಮತ್ತೆ ಮೇಲೆ ನೋಡಿದ.

ನೆರಳು ಮೊದಲು ಅರಿಸ್ಟಾರ್ಕಸ್ ಕುಳಿಯ ಹೊಳಪನ್ನು ನುಂಗಿತು. ಆಮೇಲೆ ಕೋಪರ್ನಿಕಸ್. ಕಿರಣ ಚೆಲ್ಲಿದಂತಿರುವ ತೆಂಕಣದ ಟೈಕೊ ಇನ್ನೂ ಸ್ವಲ್ಪ ಹೊತ್ತು ಬೆಳಗುತ್ತಲೇ ಇತ್ತು.

ಕ್ಯಾಮೆರಾದವನಿಗೆ ಕಷ್ಟದ ಹೊತ್ತು ಇದೇ. ಪೂರ್ಣ ಚಂದ್ರನೆಂದರೆ ಹಗಲಿನ ಬಿಸಿಲಿಗೆ ಒಡ್ಡಿದ ಬಂಡೆ. ಐಎಸ್‌ಒ 100, ಅಪರ್ಚರ್ ಎಫ್ 8, ಸೆಕೆಂಡಿನ 250ನೇ ಒಂದು ಭಾಗ ಸಾಕು. ಅರ್ಧ ಗ್ರಹಣದಲ್ಲಿ ಬೆಳಗಿದ ಭಾಗಕ್ಕೂ ನೆರಳಿನ ಭಾಗಕ್ಕೂ ಸಾವಿರಾರು ಪಟ್ಟು ಅಂತರ. ಬೆಳಕಿಗೆ ಹೊಂದಿಸಿದರೆ ನೆರಳು ಬರೀ ಕಪ್ಪು, ನೆರಳಿಗೆ ಹೊಂದಿಸಿದರೆ ಬೆಳಕಿನ ಕಡೆ ಬಿಳಿ ರಾಚುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯುವ ಒಂದೇ ಕ್ಲಿಕ್ ಇಲ್ಲ. ಬೇರೆ ಬೇರೆ ಎಕ್ಸ್‌ಪೋಷರ್‌ಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಬೆಸೆಯುವವರಿದ್ದಾರೆ. ನಾನು ಬೆಸೆಯುವುದಿಲ್ಲ. ಕಣ್ಣು ಎರಡನ್ನೂ ಒಮ್ಮೆಗೇ ಕಾಣುತ್ತದೆ, ಆ ಹೆಚ್ಚುಗಾರಿಕೆ ಕಣ್ಣಿಗೇ ಇರಲಿ.

400 ಮಿಲಿಮೀಟರ್ ಲೆನ್ಸಿನಲ್ಲೂ ಸೆನ್ಸರಿನ ಮೇಲೆ ಬೀಳುವ ಚಂದ್ರನ ಬಿಂಬ ನಾಲ್ಕು ಮಿಲಿಮೀಟರಿಗಿಂತ ಕಡಿಮೆ. ಅಷ್ಟು ಚಿಕ್ಕದರಲ್ಲಿ ಫೋಕಸ್ ಕೂದಲೆಳೆ ತಪ್ಪಿದರೂ ಕುಳಿಗಳೆಲ್ಲ ಕಲಸಿಹೋಗುತ್ತವೆ. ಪರದೆಯ ಮೇಲೆ ಹಿಗ್ಗಿಸಿ, ಚಂದ್ರನ ಅಂಚು ಹರಿತವಾಗುವ ಜಾಗದಲ್ಲಿ ಉಂಗುರಕ್ಕೆ ಟೇಪು ಸುತ್ತಿದೆ. ಟೈಮರ್ ಎರಡು ಸೆಕೆಂಡು, ಬೆರಳಿನ ಅದುರು ಇಳಿಯಲೆಂದು.

ಹತ್ತೂ ಮುಕ್ಕಾಲು ದಾಟಿದ ಮೇಲೆ ಬೆಳಗಿದ ಭಾಗ ಕುಡಿಯಷ್ಟಾಯಿತು. ಆಗ ನೆರಳಿನೊಳಗಿಂದ ಬಣ್ಣ ಹೊರಟಿತು, ಮೊದಲು ಕಂದು, ಆಮೇಲೆ ತಾಮ್ರ. ಬೆಳಕೂ ನೆರಳೂ ಕೂಡುವ ಗೆರೆಯಲ್ಲಿ ತೆಳ್ಳನೆಯ ತಿಳಿನೀಲಿ. ವಾಯುಮಂಡಲದ ಎತ್ತರದಲ್ಲಿರುವ ಓಝೋನ್ ಕೆಂಪನ್ನು ಹೀರಿ ನೀಲಿಯನ್ನು ಬಿಡುವುದರಿಂದ ಬರುವ ಬಣ್ಣವದು. ಬರಿಗಣ್ಣಿಗೆ ಅನುಮಾನ, ಬೈನಾಕ್ಯುಲರಿಗೆ ಸ್ಪಷ್ಟ.

11 ಗಂಟೆ 1 ನಿಮಿಷಕ್ಕೆ ನಿಮೀಲನ. ಚಂದ್ರ ಪೂರ್ತಿ ಒಳಗೆ ಸರಿದ.

ಇನ್ನು 82 ನಿಮಿಷ. ಎಲ್ಲರೂ ಕಾದಿದ್ದ ಕೆಂಪು ಬಂದಿತ್ತು. ಆ ಹೊತ್ತಿಗೆ ಹೆಚ್ಚುಕಡಿಮೆ ಘಾನಾದಲ್ಲಿ ಸೂರ್ಯ ಮುಳುಗುತ್ತಿದ್ದ, ಫಿಜಿಯಲ್ಲಿ ಮೂಡುತ್ತಿದ್ದ. ಭೂಮಿಯ ಅಂಚಿನ ಸುತ್ತ ಆ ಸಂಜೆ ಮುಂಜಾವುಗಳ ಬೆಳಕೇ ಗಾಳಿಯಲ್ಲಿ ಬಾಗಿ, ನೀಲಿಯನ್ನು ದಾರಿಯಲ್ಲೇ ಚದುರಿಸಿ, ನೆರಳಿನೊಳಕ್ಕೆ ಬೀಳುತ್ತಿತ್ತು. ಗಾಳಿಯಲ್ಲಿ ಏನಿದೆಯೋ ಅದರಂತೆ ಚಂದ್ರನ ಬಣ್ಣ. 1991ರಲ್ಲಿ ಫಿಲಿಪೀನ್ಸಿನ ಪಿನಟೂಬೊ ಜ್ವಾಲಾಮುಖಿ ಸಿಡಿದ ಮೇಲೆ, 1992ರ ಡಿಸೆಂಬರಿನ ಗ್ರಹಣದಲ್ಲಿ ಚಂದ್ರ ಕಾಣದಷ್ಟು ಮಸುಕಾಗಿದ್ದ. ಈ ಕಪ್ಪು ಕೆಂಪುಗಳನ್ನು ಅಳೆಯಲು ಫ್ರಾನ್ಸಿನ ಖಗೋಳಜ್ಞ ಆಂದ್ರೆ ದಾಂಜೋನ್ ಸೊನ್ನೆಯಿಂದ ನಾಲ್ಕರವರೆಗಿನ ಅಳತೆಯೊಂದನ್ನು ಮಾಡಿಟ್ಟಿದ್ದಾನೆ. ಅದಕ್ಕೆ ಉಪಕರಣ ಬೇಡ, ಕಣ್ಣೇ ಸಾಕು.

ಐಎಸ್‌ಒ 3200, ಒಂದು ಸೆಕೆಂಡು. ಪರದೆಯಲ್ಲಿ ಮೂಡಿದ್ದು ಕಿತ್ತಳೆಗೆಂಪಿನ ಗೋಳ. ಹುಡುಗ "ಅಬ್ಬಾ!" ಎಂದು ಕೂಗಿ ತಲೆಯೆತ್ತಿದ. ಮೇಲಿದ್ದ ಚಂದ್ರ ಅಷ್ಟು ಕೆಂಪಾಗಿರಲಿಲ್ಲ, ಮಂಕು ಕಂದಾಗಿದ್ದ. ಮಬ್ಬಿನಲ್ಲಿ ಕಣ್ಣು ಬಣ್ಣವನ್ನು ಕಳೆದುಕೊಳ್ಳುತ್ತದೆ, ಕ್ಯಾಮೆರಾ ಬೆಳಕನ್ನು ಕೂಡಿಟ್ಟು ಬಣ್ಣ ಹೆಚ್ಚಿಸುತ್ತದೆ. ಚಿತ್ರ ಸುಳ್ಳಲ್ಲ. ಆದರೆ ಗ್ರಹಣವೆಂದರೆ ಕೆಂಪು ಚಂದ್ರನ ಚಿತ್ರ ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವಲ್ಲ, ಅದು ನನಗೆ ನೋವಿನ ಸಂಗತಿ. ಆ ರಾತ್ರಿಯ ದೊಡ್ಡ ಪಾಲು ಚಂದ್ರನ ಹೊರಗಿತ್ತು.

ತಾರಸಿಯ ಮೇಲಿದ್ದ ನಮ್ಮ ನೆರಳುಗಳು ಇಲ್ಲವಾಗಿದ್ದವು. ಹುಣಸೆ ಮರ ಕಪ್ಪು ಗುಡ್ಡೆಯಾಗಿತ್ತು. ಸಂಜೆಯಿಂದ ಬೆಳ್ದಿಂಗಳು ಅಳಿಸಿಹಾಕಿದ್ದ ನಕ್ಷತ್ರಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಬಂದವು. ಚಂದ್ರನ ಪೂರ್ವಕ್ಕೆ ಶನಿ, ಹಳದಿ ಬಣ್ಣದಲ್ಲಿ ಅಲುಗದೆ. ನೆತ್ತಿಯ ಹತ್ತಿರ ಪೂರ್ವಾಭಾದ್ರ ಉತ್ತರಾಭಾದ್ರಗಳ ನಾಲ್ಕು ಚುಕ್ಕಿ ಕೂಡಿದ ದೊಡ್ಡ ಚೌಕ. ತಿಂಗಳಿಗೆ ಭಾದ್ರಪದವೆಂಬ ಹೆಸರು ಕೊಟ್ಟ ನಕ್ಷತ್ರಗಳೇ ಇವು, ಅದೇ ಹುಣ್ಣಿಮೆಯ ನಡುರಾತ್ರಿ ಚಂದ್ರನ ಉತ್ತರಕ್ಕೆ ಕಾಣುತ್ತಿದ್ದವು. ಮೂಡಣದಲ್ಲಿ ಕೃತ್ತಿಕೆಯ ಗೊಂಚಲು ಆಗಷ್ಟೇ ಮೇಲೇರಿತ್ತು. ಹುಣ್ಣಿಮೆಯ ದಿನ ಆಕಾಶದಲ್ಲಿ ಚಂದ್ರನೂ ಇದ್ದು ಇಷ್ಟು ಚುಕ್ಕಿಯೂ ಕಾಣುವುದು ಇನ್ನು ಯಾವಾಗ?

ನಮ್ಮ ಶಾಸನಗಳಲ್ಲಿ ಸೋಮಗ್ರಹಣದ, ಅಂದರೆ ಚಂದ್ರಗ್ರಹಣದ, ನಿಮಿತ್ತ ಬಿಟ್ಟ ದತ್ತಿಗಳು ಬಹಳ. ಗದ್ದೆ, ತೋಟ, ಗುಡಿಯ ದೀಪಕ್ಕೆ ಎಣ್ಣೆ. ಶಾಸನ ಓದುವ ವಿದ್ವಾಂಸರು ಆ ಗ್ರಹಣದ ಲೆಕ್ಕ ಹಿಡಿದು ಕಲ್ಲಿನ ತಾರೀಖನ್ನು ತಾಳೆ ನೋಡುತ್ತಾರೆ. ನಡುರಾತ್ರಿಯ ಗ್ರಹಣವಾಗಿದ್ದರೆ ದಾನಕ್ಕೆ ನೀರೆರೆದವರ ನೆತ್ತಿಯ ಮೇಲೂ ಹೀಗೇ ಚುಕ್ಕಿ ತುಂಬಿದ್ದಿರಬೇಕು. ಆಗ ಬೀದಿದೀಪದ ಕಾಟವೂ ಇರಲಿಲ್ಲ.

11 ಗಂಟೆ 42 ನಿಮಿಷ, ಗ್ರಹಣದ ನಡುಗಾಲ. ಚಂದ್ರ ನೆರಳಿನ ನಡುಬಿಂದುವಿಗಿಂತ ತೆಂಕಣಕ್ಕೆ ಹಾದುಹೋದದ್ದರಿಂದ ಬಡಗಣ ಭಾಗ ಗಾಢ, ತೆಂಕಣ ಭಾಗ ತಿಳಿ. ಹಾಗಾಗಿಯೇ ಅವನು ತಟ್ಟೆಯಂತಿರದೆ ಉರುಳುವ ಗೋಳವಾಗಿ ಕಂಡ. ನಡುವೆ ಹತ್ತು ನಿಮಿಷ ಮೋಡ ಬಂತು. ಮಂಜು ಕೂತ ಲೆನ್ಸನ್ನು ಒರೆಸಿಕೊಂಡೆ. ಹುಡುಗ ಚಾಪೆಯ ಮೇಲೆ ಅಂಗಾತ ಮಲಗಿ ನಕ್ಷತ್ರ ಎಣಿಸುತ್ತಿದ್ದ.

12 ಗಂಟೆ 23ಕ್ಕೆ ಉನ್ಮೀಲನ. ಎಡ ಅಂಚಿನಲ್ಲಿ ಬೆಳಕು ಚಿಮ್ಮಿತು. ಕೆಲವೇ ನಿಮಿಷದಲ್ಲಿ ಸಣ್ಣ ಚುಕ್ಕಿಗಳು ಅಳಿದವು. 1 ಗಂಟೆ 26ಕ್ಕೆ ಮೋಕ್ಷ, ನೆರಳು ಚಂದ್ರನನ್ನು ಬಿಟ್ಟಿತು. ಬಚ್ಚಲುಗಳಲ್ಲಿ ನೀರಿನ ಸದ್ದು, ಒಲೆಗೆ ಬೆಂಕಿ. ಹರಿವಾಣದಿಂದ ಒನಕೆ ತೆಗೆದು ಗೋಡೆಗೆ ಒರಗಿಸಿದರು. ಅಜ್ಜಿ ತಲೆಗೆ ಮಿಂದು ಬಂದು ಮೊಮ್ಮಗನನ್ನು ಕೂಗಿದರು.

2028ರ ಡಿಸೆಂಬರ್ 31ರ ರಾತ್ರಿ ಮತ್ತೆ ಖಗ್ರಾಸ ಚಂದ್ರಗ್ರಹಣವಿದೆ. ಒಂಬತ್ತೂ ಮುಕ್ಕಾಲರ ಸುಮಾರಿಗೆ ಚಂದ್ರ ಪೂರ್ತಿ ನೆರಳಿಗೆ ಸರಿಯುತ್ತಾನೆ. ಚಳಿಗಾಲ, ಮೋಡದ ಭಯ ಕಡಿಮೆ. ಮಿಥುನ ರಾಶಿಯಲ್ಲಿರುವ ಚಂದ್ರನ ಸುತ್ತ ರೋಹಿಣಿ, ಮೃಗಶಿರೆ, ಲುಬ್ಧಕ, ಪುನರ್ವಸುವಿನ ಜೋಡಿ, ಎಲ್ಲ ಒಂದೇ ಕಡೆ ನೆರೆದಿರುತ್ತವೆ. ಉದ್ದದ ಲೆನ್ಸನ್ನು ಆ ದಿನ ಚೀಲದಲ್ಲೇ ಬಿಡುತ್ತೇನೆ. ಅಗಲದ ಲೆನ್ಸು ಹಾಕಿ, ಚಂದ್ರ ಒಂದು ಕೆಂಪು ಚುಕ್ಕಿಯಷ್ಟೇ ಆಗಿ ಉಳಿದ ಆಕಾಶವೆಲ್ಲ ಬರುವಂಥ ಚಿತ್ರ ತೆಗೆಯಬೇಕು. ಹೊಸ ವರ್ಷದ ಸಡಗರದ ಆ ಹೊತ್ತಿನಲ್ಲಿ ಒಂದು ಗಂಟೆ ಬೀದಿದೀಪ ಆರಿಸಿ ಎಂದು ಪಂಚಾಯಿತಿಯವರನ್ನು ಈಗಿನಿಂದಲೇ ಕೇಳುತ್ತಿದ್ದೇನೆ.