ಡಬ್ಬ ಬಿಗಿಯಾಗಿದೆ, ಹುಳ ಒಳಗೇ ಇದೆ

ಹೊಸೂರಿನ ಹೊಸ ಮನೆಗಳಿಗೆ ಹಾಲು ಉಕ್ಕಿಸುವ ಪಾತ್ರೆಗಿಂತ ಮೊದಲೇ ಡಬ್ಬ ಬಂದಿರುತ್ತದೆ. 24ರ ಸೆಟ್ಟು, ಎಲ್ಲವೂ ಒಂದೇ ಅಳತೆ, ಗಾಜಿನಂತೆ ಹೊಳೆಯುವ ಪ್ಲಾಸ್ಟಿಕ್ಕು, ಮುಚ್ಚಳದೊಳಗೆ ಸಿಲಿಕೋನ್ ಬಳೆ, ಮೈಮೇಲೆ ಅಂಟಿಸಲು ಅಂದದ ಚೀಟಿಗಳು. ಮನೆ ಕಟ್ಟಿಸಿದವರು ಸಿಮೆಂಟಿನ ಬಗ್ಗೆ ಮಾಡದಷ್ಟು ವಿಚಾರಣೆಯನ್ನು ಡಬ್ಬದ ಬಗ್ಗೆ ಮಾಡಿರುತ್ತಾರೆ. ಇಷ್ಟೆಲ್ಲದರ ಹಿಂದಿರುವುದು ಒಂದೇ ನಂಬಿಕೆ: ಗಾಳಿಯಾಡದ ಡಬ್ಬದಲ್ಲಿ ಹಾಕಿಟ್ಟರೆ ಹುಳ ಬೀಳುವುದಿಲ್ಲ. ಡಬ್ಬ ಬಿಗಿಯಾಗಿದ್ದರೆ ಹುಳ ಎಲ್ಲಿಂದ ತಾನೇ ಬಂದೀತು?

ಅಂಗಡಿಯಿಂದ ಬರುತ್ತದೆ. ಅಕ್ಕಿಯ ಜೊತೆಯಲ್ಲೇ, ಎಷ್ಟೋ ಸಲ ಅಕ್ಕಿಯ ಒಳಗೇ.

ಅಕ್ಕಿಯಲ್ಲಿ ಓಡಾಡುವ ಸೊಂಡಿಲಿನ ಕಪ್ಪು ಹುಳವನ್ನು ನೋಡದ ಮನೆಯಿಲ್ಲ. ಅದರ ಹೆಣ್ಣು ಸೊಂಡಿಲಿನಿಂದ ಕಾಳಿಗೆ ತೂತು ಕೊರೆದು, ಒಂದು ಮೊಟ್ಟೆ ಇಟ್ಟು, ಅಂಟಿನಂಥ ದ್ರವದಿಂದ ತೂತನ್ನು ಮುಚ್ಚಿಬಿಡುತ್ತದೆ. ಹೊರಗಿನಿಂದ ನೋಡಿದರೆ ಕಾಳಿಗೆ ಏನೂ ಆಗಿಲ್ಲ. ಒಳಗೆ ಮರಿ ಕಾಳನ್ನೇ ತಿಂದು ಬೆಳೆದು, ಸೆಕೆಗಾಲದಲ್ಲಾದರೆ ಸುಮಾರು ಒಂದು ತಿಂಗಳಿಗೆ ಹುಳವಾಗಿ ಹೊರಬೀಳುತ್ತದೆ. ಒಂದೊಂದು ಹೆಣ್ಣು ಇಂಥ ಮೊಟ್ಟೆಗಳನ್ನು ನೂರಾರು ಇಡುತ್ತದೆ. 25 ಕಿಲೋ ಮೂಟೆ ತಂದು ಎರಡು ಮೂರು ತಿಂಗಳು ಉಣ್ಣುವ ಮನೆಯಲ್ಲಿ ಹುಳದ ಎರಡು ತಲೆಮಾರು ಆರಾಮಾಗಿ ಸಂಸಾರ ನಡೆಸಬಹುದು. ಎತ್ತರದಲ್ಲಿರುವ ಹೊಸೂರಿಗಿಂತ ತಗ್ಗಿನ ಕೃಷ್ಣಗಿರಿಯಲ್ಲಿ ಬಿಸಿ ಹೆಚ್ಚು, ಹಾಗಾಗಿ ಅಲ್ಲಿ ಹುಳಕ್ಕೆ ಅವಸರವೂ ಹೆಚ್ಚು.

ಕಾಳುಗಳ ಕಥೆ ಇನ್ನೂ ಹಿಂದಿನಿಂದ ಶುರುವಾಗುತ್ತದೆ. ತಳಿ, ಡೆಂಕಣಿಕೋಟೆ, ಕೆಲಮಂಗಲದ ಕಡೆಯ ನೆಂಟರು ಕಳಿಸುವ ಅವರೆ, ಅಲಸಂದೆ, ತೊಗರಿಗೆ ಕೀಟ ಹೊಲದಲ್ಲೇ, ಕಾಯಿ ಒಣಗುವ ಹೊತ್ತಿಗೇ ಮೊಟ್ಟೆ ಇಟ್ಟಿರುತ್ತದೆ. ಕಾಳಿನ ಸಿಪ್ಪೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದು ಧೂಳಲ್ಲ, ಮೊಟ್ಟೆ. ಇಂಥ ಕಾಳನ್ನು ಬಿಗಿ ಡಬ್ಬಕ್ಕೆ ಸುರಿಯುವುದೆಂದರೆ ಕಳ್ಳನನ್ನು ಒಳಗೆ ಕೂಡಿಸಿ ಹೊರಗಿನಿಂದ ಚಿಲಕ ಹಾಕಿದ ಹಾಗೆ.

ಡಬ್ಬಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲಲಿ. ಅದು ಇರುವೆ, ಜಿರಲೆಯನ್ನು ತಡೆಯುತ್ತದೆ, ಮಳೆಗಾಲದ ತೇವವನ್ನು ತಡೆಯುತ್ತದೆ, ಹುಳ ಬಿದ್ದ ಹೆಸರುಕಾಳಿನಿಂದ ಪಕ್ಕದ ಕಡಲೆಗೆ ಹುಳ ದಾಟದಂತೆ ನೋಡಿಕೊಳ್ಳುತ್ತದೆ. ಒಳಗಿರುವ ಹುಳವನ್ನು ಮಾತ್ರ ಏನೂ ಮಾಡುವುದಿಲ್ಲ.

ಇಲ್ಲಿಗೆ ಬರುವಷ್ಟರಲ್ಲಿ ಡಬ್ಬದ ಭಕ್ತರು ಎರಡನೇ ಬಾಣ ಬಿಡುತ್ತಾರೆ: ಗಾಳಿಯಿಲ್ಲದಿದ್ದರೆ ಹುಳ ಉಸಿರುಗಟ್ಟಿ ಸಾಯಬೇಕಲ್ಲ? ಸಾಯುತ್ತದೆ, ಗಾಳಿ ನಿಜವಾಗಿಯೂ ಮುಗಿದರೆ. ಹಳೇ ಮೈಸೂರು ಸೀಮೆಯ ರೈತರು ನೆಲದಲ್ಲಿ ತೋಡುತ್ತಿದ್ದ ಹಗೇವು ನಡೆಯುತ್ತಿದ್ದದ್ದು ಇದೇ ತತ್ವದ ಮೇಲೆ. ಗುಂಡಿಗೆ ರಾಗಿಯನ್ನು ಕಂಠಮಟ್ಟ ತುಂಬಿ, ಬಾಯಿ ಮುಚ್ಚಿ, ಮಣ್ಣು ಮೆತ್ತಿದರೆ ಒಳಗಿನ ಆಮ್ಲಜನಕವನ್ನು ಕಾಳೂ ಕೀಟವೂ ಸೇರಿ ಉಸಿರಾಡಿ ಮುಗಿಸುತ್ತವೆ. ಹಗೇವು ತೆಗೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಮೊದಲು ದೀಪ ಇಳಿಸಿ ಅದು ಉರಿಯುತ್ತದೆಯೇ ಎಂದು ನೋಡುತ್ತಿದ್ದರು. ಅವಸರಪಟ್ಟು ಇಳಿದವರು ಸತ್ತದ್ದೂ ಉಂಟು. 1980ರ ದಶಕದ ಕೊನೆಯಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಕ್ಯಾಮರೂನಿನಲ್ಲಿ ಅಲಸಂದೆ ಬೆಳೆಗಾರರಿಗಾಗಿ ರೂಪಿಸಿದ ಚೀಲದ್ದೂ ಇದೇ ಉಪಾಯ: ನೇಯ್ದ ಚೀಲದೊಳಗೆ ಎರಡು ದಪ್ಪ ಪ್ಲಾಸ್ಟಿಕ್ ಪದರ. ಭರ್ತಿ ತುಂಬಿ ಗಾಳಿಯೊತ್ತಿ ಕಟ್ಟಿದರೆ ಒಳಗಿನ ಆಮ್ಲಜನಕ ಶೇ 5ಕ್ಕಿಂತ ಕೆಳಗಿಳಿಯುತ್ತದೆ, ಹುಳ ತಿನ್ನುವುದನ್ನು ನಿಲ್ಲಿಸುತ್ತದೆ, ಆಮೇಲೆ ಸಾಯುತ್ತದೆ.

ಈ ಎರಡರಲ್ಲೂ ಷರತ್ತು ಒಂದೇ. ಪೂರ್ತಿ ತುಂಬಬೇಕು, ತಿಂಗಳುಗಟ್ಟಲೆ ತೆಗೆಯಬಾರದು. ಅಡುಗೆಮನೆಯ ಡಬ್ಬ ಮೂರನೇ ದಿನಕ್ಕೇ ಮುಕ್ಕಾಲಾಗುತ್ತದೆ, ವಾರಕ್ಕೆ ಅರ್ಧವಾಗುತ್ತದೆ, ದಿನಕ್ಕೆರಡು ಸಲ ಮುಚ್ಚಳ ತೆಗೆದಾಗೆಲ್ಲ ಹುಳಕ್ಕೆ ಹೊಸ ಗಾಳಿ ಸಿಗುತ್ತದೆ. ಸಿಲಿಕೋನ್ ಬಳೆಗೆ ಕೊಟ್ಟ ಹಣ ಚೀಟಿಗಳ ಚೆಂದಕ್ಕೆ ಜಮಾ.

ಈ ನಂಬಿಕೆಗೆ ಈ ಸೀಮೆಯಲ್ಲಿ ಇನ್ನೊಂದು ಬೇರೂ ಇರಬೇಕು: ರಾಗಿ. ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳು ತಮಿಳುನಾಡಿನ ರಾಗಿಯ ಕಣಜ. ವರ್ಷಗಟ್ಟಲೆ ಇಟ್ಟರೂ ರಾಗಿ ಕೆಡುವುದಿಲ್ಲವೆಂಬುದು ಇಲ್ಲಿ ಎಲ್ಲರಿಗೂ ಗೊತ್ತು, ಅದು ನಿಜವೂ ಹೌದು. ಆದರೆ ಆ ಗುಣ ಇರುವುದು ಕಾಳಿನಲ್ಲಿ, ಡಬ್ಬದಲ್ಲಲ್ಲ. ಸೊಂಡಿಲಿನ ಹುಳದ ಉದ್ದ 2.5ರಿಂದ 3.5 ಮಿಲಿಮೀಟರ್, ರಾಗಿ ಕಾಳಿನ ವ್ಯಾಸ 1ರಿಂದ 2 ಮಿಲಿಮೀಟರ್. ಮರಿ ಹೊಕ್ಕು ಬೆಳೆಯಲು ಅಲ್ಲಿ ಜಾಗವೇ ಇಲ್ಲ. ಅದೇ ರಾಗಿಯನ್ನು ಮಿಷನ್ನಿಗೆ ಹಾಕಿಸಿ ಹಿಟ್ಟು ಮಾಡಿದರೆ ಆ ರಕ್ಷಣೆ ಹೋಯಿತು. ಹಿಟ್ಟಿನ ಕೆಂಪು ಹುಳಕ್ಕೆ ಕಾಳಿನ ಒಳಗು ಬೇಕಿಲ್ಲ, ಪುಡಿಯೇ ಸಾಕು. ಹತ್ತು ಕಿಲೋ ರಾಗಿ ಹಿಟ್ಟನ್ನು ಒಮ್ಮೆಗೇ ಮಾಡಿಸಿ ಕಪಾಟಿನ ಹಿಂದಕ್ಕೆ ತಳ್ಳುವವರು ಅಜ್ಜಿಯ ಜಾಣತನವನ್ನು ಅರ್ಧ ಕಲಿತವರು. ಅಜ್ಜಿ ಇಟ್ಟುಕೊಳ್ಳುತ್ತಿದ್ದದ್ದು ಕಾಳು, ಬೀಸುತ್ತಿದ್ದದ್ದು ಬೇಕಾದಷ್ಟೇ.

ಅಜ್ಜಿಯ ವಿದ್ಯೆಯಲ್ಲಿ ಉಳಿಸಿಕೊಳ್ಳಬೇಕಾದ್ದು ಬೇರೆಯಿದೆ. ಇಡೀ ಕಾಳಿಗೆ ಕಿಲೋಗೆ ಒಂದೆರಡು ಚಮಚ ಹರಳೆಣ್ಣೆ ಸವರುವುದು ಬರೀ ಸಂಪ್ರದಾಯವಲ್ಲ. ಎಣ್ಣೆಯ ಪೊರೆ ಮೊಟ್ಟೆಯ ಉಸಿರು ಕಟ್ಟಿಸುತ್ತದೆ. ಬಿತ್ತನೆಯ ತೊಗರಿಗೆ ಕೆಮ್ಮಣ್ಣು ಕಟ್ಟುವುದೂ ಕೀಟವನ್ನು ಕಾಳಿನಿಂದ ದೂರವಿಡುವ ಉಪಾಯವೇ. ತೊಗರಿಯನ್ನು ಬೇಳೆ ಮಾಡಿಟ್ಟರೆ ಇಡೀ ಕಾಳನ್ನು ಬಯಸುವ ಕೀಟದ ಕಾಟ ತಗ್ಗುತ್ತದೆ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದವರು ಕೀಟದ ಸ್ವಭಾವವನ್ನೇ ಬಳಸಿಕೊಂಡು ಒಂದು ಬಲೆ ಮಾಡಿದ್ದಾರೆ. ಧಾನ್ಯದ ಹುಳ ಗಾಳಿಯಿರುವ ಕಡೆಗೆ ಹೋಗುತ್ತದೆ. ತೂತುಗಳಿರುವ ಕೊಳವೆಯನ್ನು ಧಾನ್ಯದಲ್ಲಿ ಚುಚ್ಚಿಟ್ಟರೆ ಗಾಳಿ ಹುಡುಕಿ ಬಂದ ಹುಳ ತೂತಿನೊಳಗೆ ಬಿದ್ದು ಮತ್ತೆ ಹತ್ತಲಾರದೆ ಉಳಿಯುತ್ತದೆ. ಫ್ರಿಜ್ ಇರುವವರಿಗೆ ಇನ್ನೂ ಸುಲಭ: ಹೊಸದಾಗಿ ತಂದ ರವೆ, ಕಾಳು, ಹಿಟ್ಟನ್ನು ಫ್ರೀಜರಿನಲ್ಲಿ, ಅಂದರೆ ಮೈನಸ್ 18 ಡಿಗ್ರಿಯಲ್ಲಿ, ನಾಲ್ಕು ದಿನ ಇಟ್ಟರೆ ಮೊಟ್ಟೆಯೂ ಸಾಯುತ್ತದೆ. ಹೊರತೆಗೆದ ಮೇಲೆ ತಣುಪು ಆರುವವರೆಗೆ ಪೊಟ್ಟಣ ಬಿಚ್ಚಬಾರದು, ಬಿಚ್ಚಿದರೆ ನೀರಿನ ಪಸೆ ಹಿಡಿಯುತ್ತದೆ. ಡಬ್ಬದ ಸರದಿ ಇದೆಲ್ಲ ಆದಮೇಲೆ.

ಇನ್ನು ಕಪಾಟು. 1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬಂದಂದಿನಿಂದ ಹಿಗ್ಗುತ್ತಲೇ ಬಂದು 2019ರಲ್ಲಿ ಮಹಾನಗರ ಪಾಲಿಕೆಯಾದ ಊರು ಹೊಸೂರು. ಬಾಗಲೂರು ರಸ್ತೆಯಲ್ಲೋ ಮತ್ತಿಗಿರಿಯ ಕಡೆಯೋ ಏಳುವ 30x40ರ ಮನೆಯಲ್ಲಿ ಉಗ್ರಾಣಕ್ಕೆಂದು ಕೋಣೆ ಸಿಗುವುದು ಅಪರೂಪ. ಫ್ರಿಜ್ಜಿನ ಪಕ್ಕದ ಸಂದಿಯನ್ನೋ ಮೆಟ್ಟಿಲ ಕೆಳಗಿನ ಮೂಲೆಯನ್ನೋ ಸಾಮಾನು ಕಪಾಟು ಮಾಡುತ್ತಾರೆ. ಅಗಲ ಒಂದೂವರೆ ಅಡಿ, ಆಳ ಎರಡು ಅಡಿ. ಆಳವಿದ್ದಷ್ಟೂ ಹೆಚ್ಚು ಹಿಡಿಸುತ್ತದೆ ಎಂಬ ಸಂತೋಷ ಬೇರೆ.

ಲೆಕ್ಕ ಹಾಕಿ ನೋಡಿದರೆ ಸಂತೋಷ ಇಳಿಯುತ್ತದೆ. ಆರಿಂಚಿನ ಚೌಕ ಡಬ್ಬಗಳು ಅಂಥ ಒಂದು ಶೆಲ್ಫಿನಲ್ಲಿ ಅಗಲಕ್ಕೆ ಮೂರು, ಆಳಕ್ಕೆ ನಾಲ್ಕು, ಒಟ್ಟು 12 ಹಿಡಿಸುತ್ತವೆ. ಕಾಣುವುದು ಮೂರು. 24ರ ಸೆಟ್ಟು ಎರಡು ಶೆಲ್ಫು ತುಂಬಿದಾಗ ಕಣ್ಣಿಗೆ ಬೀಳುವುದು ಆರು, ಮರೆಯಾಗುವುದು ಹದಿನೆಂಟು. ನಾಲ್ಕನೇ ಸಾಲಿನ ಹುರಿಗಡಲೆ ಬೇಕಾದರೆ ಮುಂದಿನ ಮೂರು ಡಬ್ಬ ಕೆಳಗಿಳಿಯಬೇಕು. ಯಾರೂ ಇಳಿಸುವುದಿಲ್ಲ, ಹೋಗಿ ಇನ್ನೊಂದು ಕಿಲೋ ತರುತ್ತಾರೆ. ಹಿಂದಿನ ಕಾಲದ ಗೋಡೆ ಗೂಡುಗಳೂ ಕಲ್ಲು ಚಪ್ಪಡಿಯ ಶೆಲ್ಫುಗಳೂ ಬಹುಪಾಲು ಒಂದಡಿಯೊಳಗೇ ಇದ್ದವು. ಒಂದು ಡಬ್ಬದ ಹಿಂದೆ ಇನ್ನೊಂದು ಅಡಗಲು ಅಲ್ಲಿ ಜಾಗವಿರಲಿಲ್ಲ. ಅದನ್ನು ಬಡತನವೆಂದು ತಿಳಿದವರು ಈಗ ಎರಡಡಿಯ ಕತ್ತಲೆಗೆ ದುಡ್ಡು ಕೊಡುತ್ತಿದ್ದಾರೆ.

ಒಂದೇ ಅಳತೆಯ ಡಬ್ಬ ಇದಕ್ಕೆ ಇನ್ನೆರಡು ಕೇಡು ಸೇರಿಸುತ್ತದೆ. ಪೊಟ್ಟಣ ಹರಿದು ಸುರಿದಾಗ ತಯಾರಿಸಿದ ತಾರೀಖು, ಬಳಕೆಯ ಕೊನೆಯ ದಿನ ಎಲ್ಲ ಕಸದ ಬುಟ್ಟಿಗೆ ಹೋಗುತ್ತವೆ. ಎರಡನೆಯದು, ಡಬ್ಬ ಖಾಲಿಯಾಗುವ ಮೊದಲೇ ಹೊಸದನ್ನು ಮೇಲೆ ಸುರಿಯುವುದು. ತಳದ ಎರಡು ಹಿಡಿ ಹಳೆಯ ರವೆ ಅಲ್ಲೇ ಉಳಿದು, ಅದರ ಹುಳ ಹೊಸ ರವೆಗೆ ಹತ್ತುತ್ತದೆ. ಆಮೇಲೆ ಬೈಸಿಕೊಳ್ಳುವವನು ಅಂಗಡಿಯವನು.

ತಿರುಗುವ ತಟ್ಟೆ ಇಟ್ಟರೆ ಎಲ್ಲ ಕೈಗೆ ಸಿಗುತ್ತದೆ ಎನ್ನುವುದು ಇನ್ನೊಂದು ಸಮಾಧಾನ. ಅಗಲವಾದ ಮೂಲೆಗೆ ಅದು ಸರಿ. ಒಂದೂವರೆ ಅಡಿ ಅಗಲದ ಕಪಾಟಿನಲ್ಲಿ ತಟ್ಟೆಯೂ ಒಂದೂವರೆ ಅಡಿಗಿಂತ ದೊಡ್ಡದಾಗಲಾರದು. ಹಾಗೆ ಕೂರಿಸಿದ ವೃತ್ತ ಶೆಲ್ಫಿನ ಶೇ 59ರಷ್ಟು ಜಾಗವನ್ನಷ್ಟೇ ಬಳಸುತ್ತದೆ, ಉಳಿದದ್ದು ಮೂಲೆಗಳಿಗೆ ದಾನ.

ಇಂಥ ಕಪಾಟಿಗೆ ಒಗ್ಗುವುದು ಉದ್ದನೆಯ ಟ್ರೇ. ಅಗಲ ಆರಿಂಚು, ಉದ್ದ ಎರಡಡಿಗೆ ತುಸು ಕಡಿಮೆ, ಶೆಲ್ಫಿಗೆ ಮೂರು. ಒಂದರಲ್ಲಿ ಬೇಳೆಗಳು, ಒಂದರಲ್ಲಿ ತಿಂಡಿಯ ಸಾಮಾನು, ಒಂದರಲ್ಲಿ ಮಸಾಲೆ. ಬೇಕಾದಾಗ ಟ್ರೇಯನ್ನೇ ಎಳೆಯುವುದು, ಹೊಸದು ಬಂದಾಗ ಹಿಂದಿನಿಂದ ಇಡುವುದು. ಕಾರ್ಪೆಂಟರ್ ಇನ್ನೂ ಕೆಲಸದಲ್ಲಿದ್ದರೆ ಚಾನೆಲ್ ಹಾಕಿಸಿ ಡ್ರಾಯರನ್ನೇ ಮಾಡಿಸಬಹುದು. ‘ಎಳೆಯೋ ಡ್ರಾಯರ್ ಭಾರ ತಡೆಯಲ್ಲ ಸಾರ್’ ಎಂಬ ಅವರ ಮಾತನ್ನು ನಂಬಬೇಕಿಲ್ಲ. ಪೇಟೆಯಲ್ಲಿ ಸಿಗುವ ಸಾಧಾರಣ ಬಾಲ್ ಬೇರಿಂಗ್ ಚಾನೆಲ್ಲಿನ ಜೋಡಿ 35ರಿಂದ 45 ಕಿಲೋ ಹೊರುತ್ತದೆ. ಪೂರ್ತಿ ಹೊರಬರುವ ಚಾನೆಲ್ಲೇ ಬೇಕೆಂದು ಹೇಳದಿದ್ದರೆ ಮುಕ್ಕಾಲು ಮಾತ್ರ ಬರುವುದನ್ನು ಹಾಕಿ ಹೋಗುತ್ತಾರೆ, ಆಗ ಹಿಂದಿನ ಸಾಲು ಮತ್ತೆ ಕತ್ತಲೆಯಲ್ಲೇ. ಟ್ರೇ ಹಿಡಿಸದ ಎತ್ತರದ ಶೆಲ್ಫುಗಳ ಹಿಂಬದಿ ಕೆಡದ ವಸ್ತುಗಳಿಗಿರಲಿ: ಹಬ್ಬದ ಕೊಳಗ, ಶಾವಿಗೆ ಒರಳು, ವರ್ಷಕ್ಕೊಮ್ಮೆ ಇಳಿಯುವ ಉಪ್ಪಿನಕಾಯಿ ಜಾಡಿ.

ಇದೇನೂ ಹೊಸ ಸಂಶೋಧನೆಯಲ್ಲ. 1926ರಲ್ಲಿ ಮಾರ್ಗರೆಟ್ ಷುಟ್ಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಫ್ರಾಂಕ್‌ಫರ್ಟಿನ ಕಾರ್ಮಿಕರ ಮನೆಗಳಿಗೆ ಅಡುಗೆಮನೆ ರೂಪಿಸಿದಾಗ ಅದರ ಅಗಲ ಎರಡು ಮೀಟರಿಗೂ ಕಡಿಮೆ. ಆಕೆ ಸಾಮಾನನ್ನು ಆಳದ ಕಪಾಟಿಗೆ ತಳ್ಳಲಿಲ್ಲ. ಅಕ್ಕಿ, ಸಕ್ಕರೆಗೆಲ್ಲ ಹೆಸರು ಬರೆದ ಅಲ್ಯೂಮಿನಿಯಂ ಖಾನೆಗಳು, ಎಳೆದು ಸುರಿಯಲು ಮೂತಿ, ಹಿಟ್ಟಿನ ಖಾನೆ ಮಾತ್ರ ಓಕ್ ಮರದ್ದು, ಆ ಮರದ ಟ್ಯಾನಿನ್ ಹುಳವನ್ನು ದೂರವಿಡುತ್ತದೆಂದು.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಬೇವಿನೆಲೆ, ಲವಂಗ, ಒಣಮೆಣಸಿನಕಾಯಿಯ ವಾಸನೆ ಹೊರಗಿನ ಹುಳಕ್ಕೆ ಒಂದಿಷ್ಟು ಮುಜುಗರ ಮಾಡೀತು, ಕಾಳಿನೊಳಗಿನ ಮರಿಗೆ ಅದು ಮುಟ್ಟುವುದೇ ಇಲ್ಲ. ಬೋರಿಕ್ ಪುಡಿಯನ್ನು ಅಕ್ಕಿಗೆ ಬೆರೆಸಬೇಡಿ, ಅದು ತಿನ್ನುವ ವಸ್ತುವಲ್ಲ. ಅಕ್ಕಿಯನ್ನು ಬಿರುಬಿಸಿಲಿಗೆ ಹರಡಿದರೆ ಹುಳ ಓಡುತ್ತದೆ, ಜೊತೆಗೆ ಅಕ್ಕಿಯೂ ಬಿರುಕು ಬಿಟ್ಟು ಅನ್ನ ನುಚ್ಚಾಗುತ್ತದೆ. ನೈರುತ್ಯದಲ್ಲಿ ಭಾರವಿರಬೇಕೆಂದು ಉಗ್ರಾಣವನ್ನು ಅಲ್ಲಿಗೇ ತಳ್ಳುವವರು, ಮಧ್ಯಾಹ್ನದ ಮೇಲಿನ ಬಿಸಿಲೆಲ್ಲ ಬೀಳುವುದು ಆ ಗೋಡೆಗೇ ಎಂಬುದನ್ನು ಗಮನಿಸಿದಂತಿಲ್ಲ. ಎಣ್ಣೆ ಕಮಟು ಹಿಡಿಯಲು ಅದಕ್ಕಿಂತ ಒಳ್ಳೆಯ ಮೂಲೆ ಮನೆಯಲ್ಲಿಲ್ಲ.

ಆದರೂ ಇವೆಲ್ಲ ನಿರುಪದ್ರವಿ, ಬೋರಿಕ್ ಒಂದನ್ನು ಬಿಟ್ಟು. ಬೇಸರ ತರಿಸುವುದು ಅವೇ ಮನೆಗಳಲ್ಲಿ ನಂಬಿಕೆ ತಿರುಗುವ ರೀತಿ. ಹುಳ ಬಿದ್ದ ಅಕ್ಕಿ ಕಂಡರೆ ‘ಔಷಧಿ ಹೊಡೆಯದ ಶುದ್ಧ ಅಕ್ಕಿ’ ಎನ್ನುತ್ತಾರೆ. ಮೊಟ್ಟೆ ಇಡುವ ಹೆಣ್ಣುಹುಳ ಪ್ರಮಾಣಪತ್ರ ನೋಡಿ ಇಡುವುದಿಲ್ಲ, ಗೋದಾಮಿನ ಪಕ್ಕದ ಮೂಟೆಯಿಂದ ಹರಿದು ಬಂದರೆ ಯಾವ ಅಕ್ಕಿಗಾದರೂ ಇಡುತ್ತದೆ. ಅದೇ ಜನ ರೇಷನ್ ಅಕ್ಕಿಯಲ್ಲಿ ನೀರಿಗೆ ಹಾಕಿದರೆ ತೇಲುವ ಕೆಲವು ಕಾಳು ಕಂಡೊಡನೆ ‘ಪ್ಲಾಸ್ಟಿಕ್ ಅಕ್ಕಿ’ ಎಂದು ವಿಡಿಯೋ ಹಂಚುತ್ತಾರೆ. ಆ ಕಾಳುಗಳು ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ಬಿ12 ಜೀವಸತ್ವ ಸೇರಿಸಿ ಯಂತ್ರದಲ್ಲಿ ಅಕ್ಕಿಯ ಆಕಾರಕ್ಕೆ ಒತ್ತಿ ತೆಗೆದವು. ರಕ್ತಹೀನತೆ ತಗ್ಗಿಸಲೆಂದು 100 ಕಿಲೋ ಅಕ್ಕಿಗೆ 1 ಕಿಲೋ ಲೆಕ್ಕದಲ್ಲಿ ಬೆರೆಸಿದ್ದು. ಪ್ಲಾಸ್ಟಿಕ್ಕೆಂದು ಹೆದರಿ ಅವನ್ನು ಒಂದೊಂದಾಗಿ ಆರಿಸಿ ಎಸೆದು, ಉಳಿದ ಅಕ್ಕಿಯನ್ನು ಜೋಪಾನವಾಗಿ ತುಂಬಿಡುವುದು ಅದೇ ಪ್ಲಾಸ್ಟಿಕ್ ಡಬ್ಬಕ್ಕೆ.