ಎಂಜಿನ್ನಿನ ಗಾತ್ರ

ಮನೆ ಕಟ್ಟುವವನಿಗೆ ಊರೆಲ್ಲ ಮೇಸ್ತ್ರಿ, ಕಾರು ಕೊಳ್ಳುವವನಿಗೆ ಊರೆಲ್ಲ ಮೆಕ್ಯಾನಿಕ್. ನಾನು ಕಾರು ಕೊಳ್ಳುವೆನೆಂಬ ಸುದ್ದಿ ಗುರುಪುರದಲ್ಲಿ ಹರಡಿದ ದಿನವೇ ಈ ಸತ್ಯ ನನಗೆ ಮನವರಿಕೆಯಾಯಿತು. ಯಾವ ಕಾರೆಂಬುದು ತೀರ್ಮಾನವಾಗಿತ್ತು: ವ್ಯಾಗನ್ ಆರ್. ತೊಡಕಿದ್ದುದು ಅದರ ಒಡಲಿನೊಳಗೆ. 2019ರಿಂದ ಆ ಕಾರು ಎರಡು ಪೆಟ್ರೋಲ್ ಎಂಜಿನ್ನುಗಳಲ್ಲಿ ದೊರೆಯುತ್ತಿದೆ. ಒಂದು 998 ಸಿ.ಸಿ., ಅಶ್ವಶಕ್ತಿ ಸುಮಾರು 67. ಇನ್ನೊಂದು 1197 ಸಿ.ಸಿ., ಅಶ್ವಶಕ್ತಿ ಸುಮಾರು 90. "ಚಿಕ್ಕದು ಸಾಕು, ಮೇಷ್ಟ್ರಿಗೆ ಅವಸರವೇನು?" ಎಂದರು ಕೆಲವರು. "ಕೊಳ್ಳುವುದು ಒಮ್ಮೆ, ದೊಡ್ಡದನ್ನೇ ಕೊಳ್ಳಿ" ಎಂದರು ಉಳಿದವರು.

ಸಿ.ಸಿ. ಎಂಬುದು ಸಿಲಿಂಡರುಗಳಲ್ಲಿ ಪಿಸ್ಟನ್ನುಗಳು ಏರಿಳಿಯುವ ಅವಕಾಶದ ಒಟ್ಟು ಅಳತೆ. 1200 ಎನ್ನದೆ 1197 ಏಕೆ? 2006ರ ಕೇಂದ್ರ ಮುಂಗಡಪತ್ರವು ನಾಲ್ಕು ಮೀಟರು ಉದ್ದವನ್ನೂ ಪೆಟ್ರೋಲ್ ಎಂಜಿನ್ನಿನಲ್ಲಿ 1200 ಸಿ.ಸಿ.ಯನ್ನೂ ಮೀರದ ಕಾರನ್ನು 'ಸಣ್ಣ ಕಾರು' ಎಂದು ಕರೆದು, ಉತ್ಪಾದನಾ ಸುಂಕವನ್ನು ಶೇಕಡ 24ರಿಂದ 16ಕ್ಕೆ ಇಳಿಸಿತು. 2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ಜಿ.ಎಸ್.ಟಿ. ದರಗಳೂ ಅದೇ ಗೆರೆಯನ್ನು ಹಿಡಿದಿವೆ: ಈಚೆ ಶೇಕಡ 18, ಆಚೆ 40. ನನ್ನ ಎರಡು ಎಂಜಿನ್ನುಗಳೂ ಗೆರೆಯ ಈಚೆಗೇ ಇದ್ದುದರಿಂದ ಸರ್ಕಾರ ನನ್ನ ನೆರವಿಗೆ ಬರಲಿಲ್ಲ. ಕಂಪನಿಯ ಲೆಕ್ಕದಲ್ಲಿ ಲೀಟರಿಗೆ ಸಿಗುವ ದೂರದ ಅಂತರವೂ ಒಂದು ಕಿಲೋಮೀಟರಿನೊಳಗೇ.

ಮನಸ್ಸು ದೊಡ್ಡದರ ಕಡೆಗೆ ವಾಲಿತ್ತು, ಕಾರಣವೂ ಇತ್ತು. ಕಳೆದ ವರ್ಷ ಮಾರ್ಚ್ ತಿಂಗಳಿನಲ್ಲಿ ಸ್ನೇಹಿತರೊಬ್ಬರ ಸಣ್ಣ ಕಾರನ್ನು ಎರವಲು ತಂದು, ತಾಯಿ, ಮಡದಿ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಡಿಕೇರಿಯ ತಂಗಿಯ ಮನೆಗೆ ಹೊರಟಿದ್ದೆ. ಕುಶಾಲನಗರ ದಾಟಿದ ಮೇಲಿನ ಏರಿನಲ್ಲಿ ಮರದ ಲಾರಿಯೊಂದು ಮುಂದೆ ತೆವಳುತ್ತಿತ್ತು. ಬೇಸತ್ತು ಬಲಕ್ಕೆ ಹೊರಳಿಸಿ ಆಕ್ಸಿಲರೇಟರನ್ನು ತಳ ಮುಟ್ಟುವಂತೆ ತುಳಿದೆ. ಕಾರು ಏದುಸಿರು ಬಿಟ್ಟಿತೇ ಹೊರತು ಮುಂದುವರಿಯಲಿಲ್ಲ. ಅಷ್ಟರಲ್ಲಿ ತಿರುವಿನಲ್ಲಿ ಬಸ್ಸು ಕಾಣಿಸಿತು. ಬ್ರೇಕು ಹಾಕಿ ಮತ್ತೆ ಲಾರಿಯ ಹಿಂದೆ ಸೇರಿಕೊಂಡಾಗ ಬಸ್ಸಿನ ಗಾಳಿ ಕಿಟಕಿಗೆ ಬಡಿಯಿತು. ತಾಯಿ ಏನೂ ಅನ್ನಲಿಲ್ಲ. ಮಡಿಕೇರಿ ಮುಟ್ಟುವವರೆಗೂ ಅನ್ನಲಿಲ್ಲ.

ಈ ಕಥೆಯನ್ನು ಹುಣಸೂರಿನ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ಹೇಳಿದೆ.

"ಆಗ ಯಾವ ಗೇರಿನಲ್ಲಿದ್ರಿ, ಮೇಷ್ಟ್ರೇ?"

"ನಾಲ್ಕನೆಯದು."

"ಗಾಡೀಲಿ ಶಕ್ತಿ ಇತ್ತು. ನೀವು ಕೇಳಲಿಲ್ಲ."

ಅವರು ವಿವರಿಸಿದರು. 998 ಸಿ.ಸಿ.ಯ ಆ ಎಂಜಿನ್ನು ತನ್ನ ಪೂರ್ಣ ಎಳೆತವನ್ನು ಕೊಡುವುದು ನಿಮಿಷಕ್ಕೆ 3500 ಸುತ್ತು ತಿರುಗುವಾಗ. ನಾಲ್ಕನೆಯ ಗೇರಿನಲ್ಲಿ ತೆವಳುವಾಗ ಅದು ಅದರ ಅರ್ಧದಷ್ಟೂ ತಿರುಗುತ್ತಿರುವುದಿಲ್ಲ. ಗೇರು ಇಳಿಸಿದರೆ ಸುತ್ತು ಏರುತ್ತದೆ, ಚಕ್ರಕ್ಕೆ ಬಲ ಬರುತ್ತದೆ.

"ದೊಡ್ಡ ಎಂಜಿನ್ನಾಗಿದ್ದರೆ?" ಎಂದೆ, ಸೋಲೊಪ್ಪಲು ಮನಸ್ಸಿಲ್ಲದೆ.

"ನೀವು ಇನ್ನೊಂದಿಷ್ಟು ಮುಂದೆ ಹೋಗಿರ್ತಿದ್ರಿ. ಬಸ್ಸು ಬರೋದು ನಿಲ್ತಿರಲಿಲ್ಲ."

ಆ ರಾತ್ರಿ ನನ್ನ ಪ್ರಯಾಣಗಳ ಲೆಕ್ಕ ಹಾಕಿದೆ. ವಾರಕ್ಕೆ ಆರು ದಿನ ಒಬ್ಬನೇ ಕಾಲೇಜಿಗೆ ಹೋಗಿಬರಬೇಕು. ಆ ದಾರಿಯಲ್ಲಿ ಹೊಗೆಸೊಪ್ಪಿನ ಟ್ರಾಕ್ಟರು, ಮನೆಗೆ ಮರಳುವ ದನ, ಗ್ಯುಡ್‌ಮೆಡ್ ಮಠದ ಕೆಂಪು ವಸ್ತ್ರದ ಭಿಕ್ಷುಗಳು. ಇವರ ನಡುವೆ ತೊಂಬತ್ತು ಕುದುರೆಗಳಿಗೆ ಕೆಲಸವೇನು? ಐವರು ಕೂತು ಮಡಿಕೇರಿ ಹತ್ತುವುದು ವರ್ಷಕ್ಕೆ ಮೂರು ಸಲ. ದಿನವೂ ತುಂಬಿದ ಕಾರಿನಲ್ಲಿ ಘಟ್ಟ ಹತ್ತುವವರು ದೊಡ್ಡ ಎಂಜಿನ್ನನ್ನೇ ಕೊಳ್ಳಲಿ. ಅವರಿಗೆ ಅದು ಆಡಂಬರವಲ್ಲ, ಅಗತ್ಯ. ನಾನು ಕೊಳ್ಳಹೊರಟಿದ್ದುದು ಶಕ್ತಿಯನ್ನಲ್ಲ, ನನ್ನ ಆತುರಕ್ಕೊಂದು ಕ್ಷಮೆಯನ್ನು.

ಚಿಕ್ಕದನ್ನೇ ಕೊಂಡೆ. ಈ ಮಾರ್ಚ್ ತಿಂಗಳಿನಲ್ಲಿ ಐವರೂ ಮತ್ತೆ ಮಡಿಕೇರಿಗೆ ಹೊರಟೆವು. ಅದೇ ಏರು, ಮುಂದೆ ಮತ್ತೊಂದು ಲಾರಿ. ಗೇರು ಇಳಿಸಿ ಹಿಂದೆಯೇ ನಡೆದೆ. ಎರಡು ಬದಿಯ ತೋಟಗಳಲ್ಲೂ ಕಾಫಿ ಬೆಳ್ಳಗೆ ಹೂಬಿಟ್ಟಿತ್ತು. ತಾಯಿ ಕಿಟಕಿ ಇಳಿಸಿ ಕೇಳಿದರು:

"ಹೋದ ಸಲ ಈ ಹೂವು ಇರಲಿಲ್ವೇನಪ್ಪ?"

"ಇತ್ತಮ್ಮ" ಎಂದೆ.