ರಾಡಿ ನೀರು ತಿಳಿಯಾಗುವುದು ಹೇಗೆ?

ಮಳೆಗಾಲದಲ್ಲಿ ಯಾದಗಿರಿಯ ಭೀಮೆಗೆ, ಸುರಪುರ ಸೀಮೆಯ ತಿಂಥಣಿಯಲ್ಲಿ ಕೃಷ್ಣೆಗೆ ಹೊಸ ನೀರು ಬಂತೆಂದರೆ ಕೊಡದಲ್ಲಿ ತುಂಬಿದ್ದೆಲ್ಲ ರಾಡಿ. ‘ಮಣ್ಣು ಭಾರ, ರಾತ್ರಿಯಿಡೀ ಬಿಟ್ಟರೆ ತಾನೇ ತಳ ಸೇರುತ್ತದೆ’ ಎನ್ನುವವರಿದ್ದಾರೆ. ಮರಳಿನ ಮಟ್ಟಿಗೆ ಈ ಮಾತು ಸರಿ. ಆದರೆ 2 ಮೈಕ್ರಾನ್ ಗಾತ್ರದ ಜೇಡಿಕಣ ಒಂದಡಿ ಇಳಿಯಲು ಹೆಚ್ಚುಕಡಿಮೆ ಒಂದು ದಿನ ಬೇಕು. 0.1 ಮೈಕ್ರಾನಿನ ಕಣಕ್ಕೆ ಲೆಕ್ಕದ ಪ್ರಕಾರ ಸುಮಾರು ಒಂದು ವರ್ಷ! ಅಷ್ಟರೊಳಗೆ ನೀರಿನ ಅಣುಗಳ ತಳ್ಳಾಟವೇ ಅದನ್ನು ಮತ್ತೆ ಮೇಲೆತ್ತಿರುತ್ತದೆ.

ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾದರೆ ಬೇಗ ಕೂರುತ್ತವೆ. ಅಂಟುವುದಿಲ್ಲ ಏಕೆ? ಶಹಾಪುರ, ಸುರಪುರದ ಎರೆಹೊಲಗಳಿಂದ ಕೊಚ್ಚಿ ಬರುವ ಜೇಡಿಕಣದ ಮೈಯಲ್ಲಿ ಋಣ ವಿದ್ಯುದಂಶವಿದೆ. ಅದರ ಸುತ್ತ ನೀರಿನಲ್ಲಿರುವ ಧನ ಅಯಾನುಗಳು ಮುತ್ತಿಕೊಂಡಿರುತ್ತವೆ. ಎರಡು ಕಣಗಳ ಈ ಹೊದಿಕೆಗಳು ತಾಗಿದೊಡನೆ ಪರಸ್ಪರ ದೂಡುತ್ತವೆ. ಆ ತಡೆ ದಾಟಿ ತೀರಾ ಹತ್ತಿರ ಬಂದರೆ ಮಾತ್ರ ಅಣುಗಳ ನಡುವಿನ ವಾನ್ ಡರ್ ವಾಲ್ಸ್ ಸೆಳೆತ ಗೆದ್ದು ಕಣಗಳನ್ನು ಕೂಡಿಸುತ್ತದೆ. ಈ ಜಗ್ಗಾಟದ ಲೆಕ್ಕವನ್ನು 1941ರಲ್ಲಿ ವಿಜ್ಞಾನಿಗಳಾದ ಡೆರ್ಯಾಗಿನ್ ಮತ್ತು ಲಾಂಡೌ, 1948ರಲ್ಲಿ ವೆರ್ವೆ ಮತ್ತು ಓವರ್‌ಬೀಕ್ ಬಿಡಿಸಿಟ್ಟರು.

ರಾಡಿ ನೀರು ತಿಳಿಯಾಗಲು ಪಟಿಕ ಹಾಕುವುದುಂಟು. ‘ಪಟಿಕ ಮಣ್ಣನ್ನು ಕರಗಿಸುತ್ತದೆ’ ಎಂಬುದು ಇನ್ನೊಂದು ನಂಬಿಕೆ. ನಡೆಯುವುದು ಇದರ ವಿರುದ್ಧ. ಪಟಿಕದ ಅಲ್ಯೂಮಿನಿಯಂ ಅಯಾನಿಗೆ ಮೂರು ಧನ ವಿದ್ಯುದಂಶ. ಅದು ಕಣಗಳ ನಡುವಿನ ದೂಡಾಟವನ್ನು ಅಡಗಿಸುತ್ತದೆ. ಜೊತೆಗೆ ಲೋಳೆಯಂಥ ಹೈಡ್ರಾಕ್ಸೈಡ್ ಆಗಿ ಮಣ್ಣನ್ನು ಬಳಿದುಕೊಂಡು ಕೆಳಗಿಳಿಯುತ್ತದೆ. ಹಾಕಿದೊಡನೆ ಜೋರಾಗಿ, ಆಮೇಲೆ ನಿಧಾನವಾಗಿ ಕಲಕಬೇಕು. ಕೊನೆತನಕ ರಭಸದಿಂದ ತಿರುವಿದರೆ ಕಟ್ಟಿದ ಗಂಟುಗಳೇ ಒಡೆಯುತ್ತವೆ.

ಹೆಚ್ಚು ಹಾಕಿದರೆ ಹೆಚ್ಚು ತಿಳಿಯೆ? ಇಲ್ಲ. ಅತಿಯಾದರೆ ಕಣಗಳು ಧನ ವಿದ್ಯುದಂಶ ಪಡೆದು ಮತ್ತೆ ದೂರ ಸರಿಯಬಹುದು, ನೀರೂ ಹುಳಿಯಾಗುತ್ತದೆ. ಶುದ್ಧೀಕರಣ ಘಟಕಗಳಲ್ಲಿ ಜಾಡಿಗಳಲ್ಲಿ ಪರೀಕ್ಷಿಸಿ ಪ್ರಮಾಣ ಗೊತ್ತುಮಾಡುವುದು ಇದಕ್ಕೇ.

ಇವೆಲ್ಲಕ್ಕಿಂತ ಅಪಾಯದ್ದು ‘ತಿಳಿ ನೀರು ಶುದ್ಧ ನೀರು’ ಎಂಬ ಭ್ರಮೆ. ಪಟಿಕ ಕೆಲವು ರೋಗಾಣುಗಳನ್ನು ಮಣ್ಣಿನ ಜೊತೆ ಕೆಳಗೆ ಒಯ್ದರೂ ಉಳಿದವು ನೀರಿನಲ್ಲೇ ಇರುತ್ತವೆ. ಕುದಿಸಲೇಬೇಕು, ಇಲ್ಲವೇ ಕ್ಲೋರಿನ್ ಹಾಕಬೇಕು. ಆದರೆ ಅಪಾಯ ರೋಗಾಣುಗಳಿಂದಷ್ಟೇ ಅಲ್ಲ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಪತ್ತೆಯಾಗಿತ್ತು. ಅದು ತೇಲುವ ಕಣವಲ್ಲ, ಕರಗಿದ ವಿಷ. ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಕುದಿಸಿದರೂ ಹೋಗದು, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಕೊಳವೆಬಾವಿಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಪ್ರಯೋಗಾಲಯದ ಪರೀಕ್ಷೆ ಆಗದೆ ಕುಡಿಯಬೇಡಿ.